ಇಕ್ಕಟ್ಟಿಗೆ ಸಿಕ್ಕ ಸ್ಪಿನ್‌ಗಳು, ನೂರು ಟೆಸ್ಲಾದ ಕಾಂತಕ್ಷೇತ್ರ

1981ರಲ್ಲಿ ಬಿ. ಶ್ರೀರಾಮ ಶಾಸ್ತ್ರಿ ಮತ್ತು ಬಿಲ್ ಸದರ್ಲೆಂಡ್ ಎಂಬ ಇಬ್ಬರು ಭೌತವಿಜ್ಞಾನಿಗಳು ಒಂದು ಲೆಕ್ಕ ಬಿಡಿಸಿ ಪ್ರಕಟಿಸಿದರು. ಚೌಕಳಿ ಜಾಲರಿಯ ಪ್ರತಿ ಮೂಲೆಗೂ ಒಂದೊಂದು ಕ್ವಾಂಟಮ್ ಸ್ಪಿನ್, ಅಂದರೆ ಪರಮಾಣು ಮಟ್ಟದ ಪುಟ್ಟ ಕಾಂತ, ಇಡಬೇಕು. ಒಂದು ಬಿಟ್ಟು ಒಂದು ಚೌಕದೊಳಗೆ ಕರ್ಣ ಎಳೆಯಬೇಕು. ಅಕ್ಕಪಕ್ಕದ ಕರ್ಣಗಳು ಒಂದಕ್ಕೊಂದು ಲಂಬವಾಗಿರಬೇಕು. ಇಂಥ ಜಾಲರಿಯ ಕನಿಷ್ಠ ಶಕ್ತಿಯ ಸ್ಥಿತಿಯನ್ನು ಅಂದಾಜಿಲ್ಲದೆ, ನಿಖರವಾಗಿ ಬರೆಯಬಹುದು ಎಂದು ಅವರು ತೋರಿಸಿದರು. ಆಗ ಅಂಥ ರಚನೆಯಿರುವ ಯಾವ ವಸ್ತುವೂ ಯಾರಿಗೂ ಗೊತ್ತಿರಲಿಲ್ಲ. ಹತ್ತು ವರ್ಷದ ಮೇಲೆ, 1991ರಲ್ಲಿ, ಅಮೆರಿಕದ ಇಬ್ಬರು ರಸಾಯನಶಾಸ್ತ್ರಜ್ಞರು ಸ್ಟ್ರಾಂಷಿಯಂ, ತಾಮ್ರ, ಬೋರಾನ್, ಆಮ್ಲಜನಕ ಸೇರಿದ ಒಂದು ಹೊಸ ಸಂಯುಕ್ತವನ್ನು ತಯಾರಿಸಿದರು. ಅವರಿಗೆ ಈ ಲೆಕ್ಕದ ಗೊಡವೆ ಇರಲಿಲ್ಲ. 1999ರಲ್ಲಿ ಟೋಕಿಯೊದ ಹಿರೋಶಿ ಕಗೆಯಾಮ ಮತ್ತು ಸಂಗಡಿಗರು ಆ ಹರಳನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಅಳೆದರು. ಅದೇ ಹೊತ್ತಿಗೆ ಮಿಯಹಾರಾ ಮತ್ತು ಉಯೆಡಾ ಎಂಬ ಸಿದ್ಧಾಂತಿಗಳು, ಈ ಹರಳಿನ ತಾಮ್ರದ ಪರಮಾಣುಗಳು ಕೂತಿರುವ ರೀತಿ ಹದಿನೆಂಟು ವರ್ಷ ಹಿಂದಿನ ಶಾಸ್ತ್ರಿ-ಸದರ್ಲೆಂಡ್ ಜಾಲರಿಯೇ ಎಂದು ಗುರುತಿಸಿದರು.

ಶಾಸ್ತ್ರಿಯವರು ಮುಂದೆ ಕೆಲವು ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ಹೆಸರು ಹೊತ್ತ ಆ ಹರಳು ಇಂದು ಬಲವಾದ ಕಾಂತಕ್ಷೇತ್ರದ ಸಂಶೋಧನೆಯಲ್ಲಿ ಅತಿ ಹೆಚ್ಚು ಪರೀಕ್ಷೆಗೊಳಗಾದ ವಸ್ತುಗಳಲ್ಲಿ ಒಂದು. ಅದರ ಕಥೆ ತಿಳಿಯಬೇಕಾದರೆ ಮೊದಲು ಅದು ಸಿಕ್ಕಿಬಿದ್ದಿರುವ ಇಕ್ಕಟ್ಟನ್ನು ತಿಳಿಯಬೇಕು.

ಕಬ್ಬಿಣದಂಥ ಕಾಂತದಲ್ಲಿ ಪರಮಾಣುಗಳ ಸ್ಪಿನ್‌ಗಳು ಒಂದೇ ದಿಕ್ಕಿಗೆ ಮುಖ ಮಾಡಲು ಬಯಸುತ್ತವೆ. ಪ್ರಕೃತಿಯಲ್ಲಿ ಇದಕ್ಕಿಂತ ಹೆಚ್ಚು ಸಾಮಾನ್ಯವಾದದ್ದು ಇದರ ವಿರುದ್ಧದ ಗುಣ: ನೆರೆಯ ಎರಡು ಸ್ಪಿನ್‌ಗಳು ಒಂದಕ್ಕೊಂದು ಎದುರಾಗಿ, ಒಂದು ಮೇಲೆ ಒಂದು ಕೆಳಗೆ, ನಿಲ್ಲಲು ಬಯಸುವುದು. ಇಂಥ ವಸ್ತುವನ್ನು ಆಂಟಿಫೆರೋಮ್ಯಾಗ್ನೆಟ್ ಎನ್ನುತ್ತಾರೆ. ಚೌಕಳಿ ಜಾಲರಿಯಲ್ಲಿ ಈ ಬಯಕೆ ಸುಲಭವಾಗಿ ಈಡೇರುತ್ತದೆ. ತ್ರಿಕೋನದಲ್ಲಿ ಈಡೇರುವುದಿಲ್ಲ. ಒಂದು ಮೂಲೆಯ ಸ್ಪಿನ್ ಮೇಲೆ, ಎರಡನೆಯದು ಕೆಳಗೆ ಎಂದಾದರೆ ಮೂರನೆಯದು ಯಾವ ಕಡೆ ತಿರುಗಿದರೂ ಇಬ್ಬರಲ್ಲಿ ಒಬ್ಬರೊಡನೆ ಹೊಂದಾಣಿಕೆ ತಪ್ಪುತ್ತದೆ. ಭೌತವಿಜ್ಞಾನಿಗಳು ಫ್ರಸ್ಟ್ರೇಶನ್ ಎಂದು ಕರೆಯುವುದು ಈ ಇಕ್ಕಟ್ಟನ್ನೇ. ಸ್ಪಿನ್‌ಗಳು ಬರೀ ಮೇಲೆ-ಕೆಳಗೆ ಮಾತ್ರ ನೋಡಬಲ್ಲವು ಎಂದಿಟ್ಟುಕೊಂಡು ಗ್ರೆಗರಿ ವಾನಿಯೆ 1950ರಲ್ಲಿ ತ್ರಿಕೋನ ಜಾಲರಿಯ ಲೆಕ್ಕ ಮಾಡಿದಾಗ, ನಿರಪೇಕ್ಷ ಶೂನ್ಯದಲ್ಲೂ ಅದರ ಗೊಂದಲ ತಣಿಯುವುದಿಲ್ಲ ಎಂದು ಕಂಡಿತು. ಒಂದೇ ಶಕ್ತಿಯ ಲೆಕ್ಕವಿಲ್ಲದಷ್ಟು ವಿನ್ಯಾಸಗಳು ಅಲ್ಲಿ ಸರಿಸಮನಾಗಿ ಕಾದಿರುತ್ತವೆ.

ಸ್ಪಿನ್ ಅತಿ ಚಿಕ್ಕದಾಗಿದ್ದರೆ, ಅಂದರೆ ಅರ್ಧ ಮಾತ್ರ ಇದ್ದರೆ, ಕ್ವಾಂಟಮ್ ನಿಯಮಗಳು ಇನ್ನೊಂದು ದಾರಿ ತೆರೆಯುತ್ತವೆ. ಎರಡು ಸ್ಪಿನ್‌ಗಳು ಸೇರಿ ಸಿಂಗ್ಲೆಟ್ ಎಂಬ ಜೋಡಿಯಾಗಬಹುದು. ಆ ಜೋಡಿಯಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಒಟ್ಟು ಕಾಂತತೆ ಸೊನ್ನೆ. ಫಿಲಿಪ್ ಆಂಡರ್ಸನ್ 1973ರಲ್ಲಿ ತ್ರಿಕೋನ ಜಾಲರಿಯ ಸ್ಪಿನ್‌ಗಳು ಹೀಗೆ ಜೋಡಿಯಾಗುತ್ತ, ಜೋಡಿ ಬದಲಿಸುತ್ತ, ಯಾವ ಹೊತ್ತಿಗೂ ಹೆಪ್ಪುಗಟ್ಟದೆ ಉಳಿಯಬಹುದು ಎಂದು ಸೂಚಿಸಿದರು. ಸ್ಪಿನ್ ದ್ರವ ಎಂಬ ಕಲ್ಪನೆ ಹುಟ್ಟಿದ್ದು ಅಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲೇ ಭಾರತದಲ್ಲಿ ಚಂಚಲ್ ಕುಮಾರ್ ಮಜುಂದಾರ್ ಮತ್ತು ದೀಪನ್ ಘೋಷ್ ಒಂದು ಸರಪಳಿಯನ್ನು ಹಿಡಿದು, ಪಕ್ಕದ ಸ್ಪಿನ್‌ಗಳ ನಡುವಿನ ಬಲದ ಸರಿಯಾಗಿ ಅರ್ಧದಷ್ಟು ಬಲ ಒಂದು ಬಿಟ್ಟು ಒಂದರ ನಡುವೆ ಇದ್ದರೆ ಇಡೀ ಸರಪಳಿ ಸಿಂಗ್ಲೆಟ್ ಜೋಡಿಗಳಾಗಿ ಒಡೆಯುತ್ತದೆ ಎಂದು ಸಾಧಿಸಿದ್ದರು. 1969ರ ಆ ಫಲಿತಾಂಶವನ್ನು ಇಂದಿಗೂ ಪ್ರಪಂಚದ ಎಲ್ಲೆಡೆ ಈ ವಿಷಯದ ಪಾಠ ಶುರುಮಾಡುವಾಗ ಹೇಳಿಕೊಡುತ್ತಾರೆ. ಶಾಸ್ತ್ರಿ-ಸದರ್ಲೆಂಡ್ ಲೆಕ್ಕವನ್ನು ಅದೇ ವಿಚಾರ ಎರಡು ಆಯಾಮಕ್ಕೆ ಬೆಳೆದದ್ದು ಎಂದು ನೋಡಬಹುದು.

ಈಗ ಕಾಂತಕ್ಷೇತ್ರದ ಮಾತು. ಹೊರಗಿನ ಕಾಂತಕ್ಷೇತ್ರ ಎಲ್ಲ ಸ್ಪಿನ್‌ಗಳನ್ನೂ ತನ್ನ ಕಡೆ ತಿರುಗಿಸಲು ನೋಡುತ್ತದೆ. ಒಳಗಿನ ಇಕ್ಕಟ್ಟು ಅದನ್ನು ತಡೆಯುತ್ತದೆ. ಒಂದು ಟೆಸ್ಲಾ ಕ್ಷೇತ್ರ ಒಂದು ಎಲೆಕ್ಟ್ರಾನಿನ ಸ್ಪಿನ್ ತಿರುಗಿಸಲು ಕೊಡುವ ಶಕ್ತಿಯನ್ನು ಉಷ್ಣತೆಯ ಲೆಕ್ಕದಲ್ಲಿ ಹೇಳಿದರೆ ಅದು ಸುಮಾರು 1.34 ಕೆಲ್ವಿನ್. ಹರಳಿನೊಳಗೆ ಸ್ಪಿನ್‌ಗಳನ್ನು ಬಿಗಿದಿರುವ ಬಲವೋ ಕೆಲವು ವಸ್ತುಗಳಲ್ಲಿ ಒಂದು ಕೆಲ್ವಿನ್, ಕೆಲವುಗಳಲ್ಲಿ ನೂರು, ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರುಗಳ ಮೂಲವಸ್ತುವಿನಲ್ಲಿ ಸಾವಿರಕ್ಕೂ ಮೇಲೆ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಕ್ಷೇತ್ರ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಆದ್ದರಿಂದ ಯಾವ ಕ್ಷೇತ್ರ ಬಲವಾದದ್ದು ಎಂಬುದನ್ನು ಟೆಸ್ಲಾ ಎಷ್ಟು ಎಂದು ಮಾತ್ರ ನೋಡಿ ನಿರ್ಧರಿಸಲಾಗದು. ಯಾವ ಹರಳಿನ ಮೇಲೆ ಎಂಬುದನ್ನೂ ನೋಡಬೇಕು.

ಇಕ್ಕಟ್ಟಿಲ್ಲದ ಸಾಮಾನ್ಯ ಆಂಟಿಫೆರೋಮ್ಯಾಗ್ನೆಟ್‌ನಲ್ಲಿ ಕ್ಷೇತ್ರ ಏರಿಸಿದಂತೆ ಸ್ಪಿನ್‌ಗಳು ನಿಧಾನವಾಗಿ ವಾಲುತ್ತವೆ. ಕಾಂತತೆ ಸರಾಗವಾಗಿ ಏರಿ ಪೂರ್ಣಮಟ್ಟ ಮುಟ್ಟುತ್ತದೆ. ಇಕ್ಕಟ್ಟಿನ ಕ್ವಾಂಟಮ್ ಕಾಂತಗಳು ಹಾಗೆ ಮಾಡುವುದಿಲ್ಲ. ಕಾಂತತೆ ಏರುತ್ತ ಹೋಗಿ, ಪೂರ್ಣಮಟ್ಟದ ಮೂರನೇ ಒಂದು ಪಾಲಿನಲ್ಲೋ ಎಂಟನೇ ಒಂದು ಪಾಲಿನಲ್ಲೋ ತಟ್ಟನೆ ನಿಂತುಬಿಡುತ್ತದೆ. ಕ್ಷೇತ್ರವನ್ನು ಇನ್ನೂ ಐದು, ಹತ್ತು, ಕೆಲವೊಮ್ಮೆ ಇಪ್ಪತ್ತು ಟೆಸ್ಲಾ ಏರಿಸಿದರೂ ಅಲುಗುವುದಿಲ್ಲ. ಆಮೇಲೆ ಮತ್ತೆ ಏರುತ್ತದೆ. ಈ ಸಮತಟ್ಟುಗಳೇ ಈ ಸಂಶೋಧನೆಯ ತಿರುಳು. ಪ್ರತಿ ಸಮತಟ್ಟಿನಲ್ಲೂ ಸ್ಪಿನ್‌ಗಳು ಒಂದು ಹೊಸ ವಿನ್ಯಾಸಕ್ಕೆ ಬೀಗ ಹಾಕಿಕೊಂಡಿರುತ್ತವೆ. ಕ್ಷೇತ್ರವಿಲ್ಲದಾಗ ಆ ವಿನ್ಯಾಸ ಎಲ್ಲೂ ಇರುವುದಿಲ್ಲ.

ಸಮತಟ್ಟು ಎಲ್ಲೆಂದರಲ್ಲಿ ಬರುವಂತಿಲ್ಲ. 1997ರಲ್ಲಿ ಮಸಾಕಿ ಒಶಿಕಾವಾ, ಮಸನೋರಿ ಯಮನಾಕಾ ಮತ್ತು ಇಯಾನ್ ಆಫ್ಲೆಕ್ ಇದಕ್ಕೊಂದು ಕಟ್ಟಳೆ ಕೊಟ್ಟರು. ವಿನ್ಯಾಸ ಎಷ್ಟು ಸ್ಪಿನ್‌ಗಳಿಗೊಮ್ಮೆ ಮರುಕಳಿಸುತ್ತದೋ ಆ ಸಂಖ್ಯೆಯನ್ನು, ಒಂದು ಸ್ಪಿನ್‌ನ ಗರಿಷ್ಠ ಬೆಲೆಗೂ ಸಮತಟ್ಟಿನಲ್ಲಿ ಅದರ ಸರಾಸರಿ ಕಾಂತತೆಗೂ ಇರುವ ವ್ಯತ್ಯಾಸದಿಂದ ಗುಣಿಸಿದರೆ ಪೂರ್ಣಾಂಕ ಬರಬೇಕು. ಈ ಪುಟ್ಟ ನಿಯಮ ಸರಪಳಿಗಳಿಗಾಗಿ ಹುಟ್ಟಿದ್ದರೂ ಅಳತೆ ಮಾಡುವವರ ಕೈಗೆ ದೀಪವಾಯಿತು. ಎಂಟನೇ ಒಂದರ ಸಮತಟ್ಟು ಕಂಡರೆ, ಹರಳಿನ ಸ್ವಂತ ಘಟಕಕ್ಕಿಂತ ದೊಡ್ಡ ವಿನ್ಯಾಸವೊಂದು ಒಳಗೆ ತಾನಾಗಿಯೇ ಮೂಡಿದೆಯೇ ಎಂದು ಹುಡುಕಬೇಕೆಂದು ಅದು ಹೇಳುತ್ತದೆ. ಆ ವರ್ಷಗಳಲ್ಲಿ ಬೆಂಗಳೂರಿನಲ್ಲೂ ಈ ಕೆಲಸ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಶೇಷ, ದಿಪ್ತಿಮಾನ್ ಸೇನ್ ಮತ್ತು ಸಂಗಡಿಗರು, ಸ್ಟೀವನ್ ವೈಟ್ 1992ರಲ್ಲಿ ಕಂಡುಹಿಡಿದ ಡಿಎಂಆರ್‌ಜಿ ಎಂಬ ಗಣಕ ವಿಧಾನವನ್ನು ಬಳಸಿ, ಏಣಿಯಾಕಾರದ ಸ್ಪಿನ್ ಜಾಲಗಳಲ್ಲಿ ಕಾಂತತೆ ಹೇಗೆ ಏರುತ್ತದೆ ಎಂಬ ಲೆಕ್ಕವನ್ನು 1999ರಲ್ಲಿ ಪ್ರಕಟಿಸಿದರು.

ತ್ರಿಕೋನ ಜಾಲರಿಯ ಮೂರನೇ ಒಂದರ ಸಮತಟ್ಟು ಇವುಗಳಲ್ಲಿ ಅತ್ಯಂತ ಸರಳವಾದದ್ದು. ಆಂಡರ್ಸನ್ ಊಹೆ ಏನೇ ಇದ್ದರೂ ಈ ಜಾಲರಿ ದ್ರವವಾಗಿ ಉಳಿಯುವುದಿಲ್ಲ. ಕ್ಷೇತ್ರವಿಲ್ಲದಾಗ ಮೂರು ಸ್ಪಿನ್‌ಗಳು 120 ಡಿಗ್ರಿ ಕೋನದಲ್ಲಿ ಹರಡಿ ನಿಲ್ಲುತ್ತವೆ ಎಂದು ನಂತರದ ಗಣಕ ಲೆಕ್ಕಗಳು ತೋರಿಸಿವೆ. ಕ್ಷೇತ್ರ ಹಾಕಿದಾಗ ಹಳೆಯ ಶಾಸ್ತ್ರೀಯ ಲೆಕ್ಕದ ಪ್ರಕಾರ ಒಂದೇ ಶಕ್ತಿಯ ಅನೇಕ ವಿನ್ಯಾಸಗಳು ಸಾಧ್ಯ. ಆಂದ್ರೇ ಚುಬುಕೋವ್ ಮತ್ತು ಗೊಲೊಸೊವ್ 1991ರಲ್ಲಿ ಕ್ವಾಂಟಮ್ ಏರಿಳಿತಗಳನ್ನು ಲೆಕ್ಕಕ್ಕೆ ತಂದು, ಆ ಗುಂಪಿನಿಂದ ಒಂದೇ ಒಂದು ವಿನ್ಯಾಸ ಗೆದ್ದು ಬರುತ್ತದೆ ಎಂದರು: ಎರಡು ಮೇಲೆ, ಒಂದು ಕೆಳಗೆ. ಅಲ್ಲಿ ಕಾಂತತೆ ಸರಿಯಾಗಿ ಮೂರನೇ ಒಂದು. ಕ್ರಮಗೆಡಿಸುವುದೆಂದು ಎಲ್ಲರೂ ಎಣಿಸುವ ಏರಿಳಿತವೇ ಇಲ್ಲಿ ಕ್ರಮವನ್ನು ಹುಟ್ಟಿಸುತ್ತದೆ. 2003ರಲ್ಲಿ ಸೀಸಿಯಂ-ತಾಮ್ರ-ಬ್ರೋಮಿನ್ ಸಂಯುಕ್ತವೊಂದರಲ್ಲಿ ಇದು ಕಂಡಿತು. ಆದರೆ ಅದರ ತ್ರಿಕೋನಗಳು ಒಂದು ದಿಕ್ಕಿಗೆ ಎಳೆದಂತಿದ್ದವು. 2012ರಲ್ಲಿ ಟೋಕಿಯೊದ ಹಿದೆಕಾಜು ತನಾಕಾ ಅವರ ತಂಡ ಬೇರಿಯಂ, ಕೋಬಾಲ್ಟ್, ಆಂಟಿಮನಿಯ ಆಕ್ಸೈಡಿನಲ್ಲಿ ಸಮಬಾಹು ತ್ರಿಕೋನಗಳ ಮೇಲೆ ಇದನ್ನು ಅಳೆಯಿತು. ಸುಮಾರು 32 ಟೆಸ್ಲಾಕ್ಕೆ ಪೂರ್ಣಮಟ್ಟ ಮುಟ್ಟುವ ಆ ವಸ್ತುವಿನ ವಕ್ರರೇಖೆ ಸಿದ್ಧಾಂತದ ರೇಖೆಯ ಮೇಲೆ ಬಹುಮಟ್ಟಿಗೆ ಕೂತುಕೊಳ್ಳುತ್ತದೆ. ಇಷ್ಟು ಅಚ್ಚುಕಟ್ಟಾದ ಹೊಂದಾಣಿಕೆ ಈ ಸಂಶೋಧನೆಯಲ್ಲಿ ಅಪರೂಪ.

ಈ ಅಳತೆಗಳ ಹಿಂದಿನ ಯಂತ್ರಗಳನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾದೀತು. ಕೇಂಬ್ರಿಜ್‌ನಲ್ಲಿ ಪ್ಯೋತ್ರ್ ಕಪಿತ್ಸಾ 1920ರ ದಶಕದಲ್ಲೇ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು 30 ಟೆಸ್ಲಾಕ್ಕೂ ಮೀರಿದ ಕ್ಷೇತ್ರ ಹುಟ್ಟಿಸಿದ್ದರು. ತಂತಿಯಲ್ಲಿ ಅಪಾರ ವಿದ್ಯುತ್ ಹರಿಸಿ, ಅದು ಕರಗುವ ಮೊದಲೇ ನಿಲ್ಲಿಸುವುದು ಅವರ ಉಪಾಯ. ಕ್ಷಣಿಕವಲ್ಲದ, ಗಂಟೆಗಟ್ಟಲೆ ನಿಲ್ಲುವ ಅತಿ ಬಲವಾದ ಕ್ಷೇತ್ರ ಬೇಕಾದರೆ ನೀರಿನಿಂದ ತಣಿಸುವ ತಾಮ್ರದ ಸುರುಳಿಯನ್ನು ಸೂಪರ್‌ಕಂಡಕ್ಟರ್ ಸುರುಳಿಯೊಳಗೆ ಕೂರಿಸಬೇಕು. ಅಮೆರಿಕದ ಟ್ಯಾಲಹಾಸಿಯಲ್ಲಿರುವ ಇಂಥ ಯಂತ್ರ 45 ಟೆಸ್ಲಾ ಕೊಡುತ್ತದೆ. ಚೀನಾದ ಹೆಫೆಯಲ್ಲಿ 2022ರಲ್ಲಿ 45.22 ಟೆಸ್ಲಾ ಮುಟ್ಟಿದರು. ಅದರಾಚೆಗೆ ಮಿಡಿತದ ಕ್ಷೇತ್ರಗಳೇ ಗತಿ. 2012ರ ಮಾರ್ಚ್‌ನಲ್ಲಿ ಲಾಸ್ ಅಲಮೋಸ್‌ನ ತಂಡ ಸುರುಳಿ ಒಡೆಯದಂತೆ 100.75 ಟೆಸ್ಲಾ ಮುಟ್ಟಿತು. ಇನ್ನೂ ಮೇಲೆ ಹೋಗಬೇಕಾದರೆ ಸುರುಳಿಯನ್ನು ಬಲಿಕೊಡಲೇಬೇಕು. ಒಂದೇ ಸುತ್ತಿನ ತಾಮ್ರದ ಸುರುಳಿಗೆ ವಿದ್ಯುತ್ ನುಗ್ಗಿಸಿದರೆ ಅದು ಹೊರಮುಖವಾಗಿ ಸಿಡಿಯುತ್ತದೆ. ಒಳಗಿನ ಹರಳು ಮಾತ್ರ ಉಳಿಯುತ್ತದೆ. ಟೋಕಿಯೊ ವಿಶ್ವವಿದ್ಯಾಲಯದ ಕಾಶಿವಾ ಆವರಣದಲ್ಲಿ 2018ರಲ್ಲಿ, ಹರಿದುಬರುವ ಕ್ಷೇತ್ರವನ್ನೇ ಒಳಮುಖವಾಗಿ ಹಿಸುಕಿ 1200 ಟೆಸ್ಲಾ ಪಡೆದರು. ಅಲ್ಲಿ ಹರಳೂ ಉಳಿಯುವುದಿಲ್ಲ. ಮೈಕ್ರೋಸೆಕೆಂಡುಗಳಲ್ಲಿ ಸಿಗಬೇಕಾದ ಮಾಹಿತಿಯೆಲ್ಲ ಸಿಗಬೇಕು.

ಇಂಥ ಮಿಡಿತದ ಅಳತೆಗಳಲ್ಲಿ ಒಂದು ತೊಡಕಿದೆ. ಕ್ಷೇತ್ರ ಇಷ್ಟು ವೇಗವಾಗಿ ಏರಿದಾಗ ಹರಳಿಗೆ ಹೊರಗಿನೊಡನೆ ಶಾಖ ಹಂಚಿಕೊಳ್ಳಲು ಸಮಯವೇ ಇರುವುದಿಲ್ಲ. ಅದು ತಾನಾಗಿ ಬಿಸಿಯಾಗುತ್ತದೆ ಅಥವಾ ತಣ್ಣಗಾಗುತ್ತದೆ. ಆದ್ದರಿಂದ ಎರಡು ಕೆಲ್ವಿನ್‌ನಲ್ಲಿ ಅಳೆದದ್ದು ಎಂದು ಬರೆದ ವಕ್ರರೇಖೆಯ ಮಧ್ಯಭಾಗದಲ್ಲಿ ಹರಳಿನ ನಿಜವಾದ ಉಷ್ಣತೆ ಬೇರೆಯೇ ಇರಬಹುದು. ನೂರು ಟೆಸ್ಲಾದ ಸುದ್ದಿ ಓದುವಾಗ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಮತ್ತೆ ಶಾಸ್ತ್ರಿ-ಸದರ್ಲೆಂಡ್ ಹರಳಿಗೆ ಬರೋಣ. ಕ್ಷೇತ್ರವಿಲ್ಲದಾಗ ಅದರಲ್ಲಿ ಕರ್ಣದ ಎರಡೂ ತುದಿಯ ತಾಮ್ರಗಳು ಸಿಂಗ್ಲೆಟ್ ಜೋಡಿಯಾಗಿ ಕೂತಿರುತ್ತವೆ. ಒಂದು ಜೋಡಿಯನ್ನು ಒಡೆದು ಟ್ರಿಪ್ಲೆಟ್ ಎಂಬ ಕಾಂತೀಯ ಸ್ಥಿತಿಗೆ ತರಲು ಸುಮಾರು 35 ಕೆಲ್ವಿನ್‌ನಷ್ಟು ಶಕ್ತಿ ಬೇಕು. ಕ್ಷೇತ್ರ 20 ಟೆಸ್ಲಾ ದಾಟಿದ ಮೇಲೆ ಟ್ರಿಪ್ಲೆಟ್‌ಗಳು ಹುಟ್ಟತೊಡಗುತ್ತವೆ. ಬೇರೆ ಹರಳುಗಳಲ್ಲಿ ಅವು ಒಂದು ಜೋಡಿಯಿಂದ ಇನ್ನೊಂದಕ್ಕೆ ಸಲೀಸಾಗಿ ಜಿಗಿಯುತ್ತವೆ. ಇಲ್ಲಿ ಪಕ್ಕದ ಜೋಡಿಗಳು ಲಂಬವಾಗಿರುವುದರಿಂದ ಜಿಗಿತದ ದಾರಿಗಳು ಒಂದನ್ನೊಂದು ರದ್ದುಮಾಡಿಬಿಡುತ್ತವೆ. ಒಂಟಿ ಟ್ರಿಪ್ಲೆಟ್ ಕದಲುವುದು ಲೆಕ್ಕದ ಆರನೇ ಹಂತದಲ್ಲಿ ಮಾತ್ರ, ಅಂದರೆ ಹೆಚ್ಚೂಕಡಿಮೆ ಕದಲುವುದೇ ಇಲ್ಲ. ಓಡಾಡಲಾರದವು, ಒಂದನ್ನೊಂದು ದೂರ ತಳ್ಳುವಂಥವು ಒಟ್ಟಿಗೆ ಸೇರಿದರೆ ಏನು ಮಾಡುತ್ತವೆ? ಸಾಲಾಗಿ, ನಿಯಮಿತ ಅಂತರದಲ್ಲಿ ಕೂರುತ್ತವೆ. ಹರಳಿನೊಳಗೆ ಇನ್ನೊಂದು ಹರಳು.

ಕಗೆಯಾಮ ತಂಡಕ್ಕೆ 1999ರಲ್ಲಿ ಎಂಟನೇ ಒಂದು ಮತ್ತು ನಾಲ್ಕನೇ ಒಂದರ ಸಮತಟ್ಟುಗಳು ಕಂಡವು. ಮರುವರ್ಷ ಮೂರನೇ ಒಂದು. ಆದರೆ ಕಾಂತತೆಯ ರೇಖೆ ಒಳಗಿನ ವಿನ್ಯಾಸವನ್ನು ನೇರವಾಗಿ ತೋರಿಸುವುದಿಲ್ಲ. ಅದಕ್ಕಾಗಿ ಕೊಡಾಮಾ ಮತ್ತು ಸಂಗಡಿಗರು ಫ್ರಾನ್ಸಿನ ಗ್ರೆನೋಬ್ಲ್‌ನ ಸ್ಥಿರಕ್ಷೇತ್ರದ ಯಂತ್ರದೊಳಗೆ, 27.6 ಟೆಸ್ಲಾ ಮತ್ತು 35 ಮಿಲಿಕೆಲ್ವಿನ್‌ನಲ್ಲಿ, ತಾಮ್ರದ ನ್ಯೂಕ್ಲಿಯಸ್‌ಗಳ ಅನುರಣನವನ್ನು ಅಳೆದರು. ಎಂಆರ್‌ಐ ಯಂತ್ರದ ಹಿಂದಿರುವ ತತ್ವವೇ ಇದು: ಪ್ರತಿ ನ್ಯೂಕ್ಲಿಯಸ್ ತನ್ನ ಸುತ್ತಲಿನ ಕ್ಷೇತ್ರಕ್ಕೆ ತಕ್ಕ ಆವರ್ತದಲ್ಲಿ ಉತ್ತರ ಕೊಡುತ್ತದೆ. ಎಲ್ಲ ತಾಮ್ರಗಳೂ ಸಮಾನವಾಗಿದ್ದರೆ ಉತ್ತರ ಒಂದೇ ಇರಬೇಕಿತ್ತು. ಬಂದದ್ದು ಬೇರೆಬೇರೆ ಜಾಗದ ಅನೇಕ ಗೆರೆಗಳು. 2002ರಲ್ಲಿ ಪ್ರಕಟವಾದ ಆ ಅಳತೆ, ಟ್ರಿಪ್ಲೆಟ್‌ಗಳು ನಿಜವಾಗಿಯೂ ದೊಡ್ಡ ಘಟಕದ ಹರಳಾಗಿ ಕೂತಿವೆ ಎಂಬುದಕ್ಕೆ ಸಾಕ್ಷಿಯಾಯಿತು. ಇಡೀ ಕಥೆಯಲ್ಲಿ ಅತ್ಯಂತ ಸುಂದರವಾದ ಪ್ರಯೋಗ ಯಾವುದು ಎಂದು ಕೇಳಿದರೆ ಈ ಲೇಖನದ ಮತ ಇದಕ್ಕೇ.

ಆಮೇಲಿನ ಹತ್ತು ವರ್ಷ ಸುಲಭವಾಗಿರಲಿಲ್ಲ. ಒಂದು ತಂಡಕ್ಕೆ ಆರು-ಏಳು ಸಣ್ಣ ಸಮತಟ್ಟುಗಳು ಕಂಡವು, ಇನ್ನೊಂದಕ್ಕೆ ಬೇರೆ ಭಿನ್ನರಾಶಿಗಳು. ಸಿದ್ಧಾಂತಿಗಳ ಪಟ್ಟಿ ಎರಡಕ್ಕೂ ಹೊಂದುತ್ತಿರಲಿಲ್ಲ. 2013ರಲ್ಲಿ ತಕಿಗಾವಾ ಮತ್ತು ಸಂಗಡಿಗರು ಎರಡು ಬಗೆಯ ಅಳತೆಗಳನ್ನು ಒಟ್ಟಿಗೆ ಇಟ್ಟು, 1/8, 2/15, 1/6, 1/4 ಎಂಬ ಸಾಲನ್ನು ಖಚಿತಪಡಿಸಿದರು. 2014ರಲ್ಲಿ ಫಿಲಿಪ್ ಕೊರ್ಬೋಜ್ ಮತ್ತು ಫ್ರೆಡರಿಕ್ ಮಿಲಾ ಗೊಂದಲದ ಮೂಲವನ್ನು ಹಿಡಿದರು. ಒಂಟಿ ಟ್ರಿಪ್ಲೆಟ್ ಕದಲದಿದ್ದರೂ ಎರಡು ಟ್ರಿಪ್ಲೆಟ್‌ಗಳು ಅಂಟಿಕೊಂಡರೆ ಶಕ್ತಿ ಉಳಿಯುತ್ತದೆ. ಕಡಿಮೆ ಕ್ಷೇತ್ರದ ಸಮತಟ್ಟುಗಳಲ್ಲಿ ಸಾಲಾಗಿ ಕೂತಿರುವುದು ಒಂಟಿಗಳಲ್ಲ, ಈ ಅಂಟಿಕೊಂಡ ಜೋಡಿಗಳು. ಹದಿನೈದು ವರ್ಷ ಎಲ್ಲರೂ ಒಂಟಿಗಳ ವಿನ್ಯಾಸವನ್ನೇ ಹುಡುಕುತ್ತಿದ್ದರು. ಟೆನ್ಸರ್ ಜಾಲ ಎಂಬ ಹೊಸ ಗಣಕ ವಿಧಾನವಿಲ್ಲದಿದ್ದರೆ ಇದು ಹೊಳೆಯುವುದು ಕಷ್ಟವಿತ್ತು.

ಮೇಲಿನ ತುದಿಯಲ್ಲಿ ಮತ್ಸುದಾ ಮತ್ತು ಸಂಗಡಿಗರು 2013ರಲ್ಲಿ ಸಿಡಿಯುವ ಸುರುಳಿಯೊಳಗೆ 118 ಟೆಸ್ಲಾ ತನಕ ಅಳೆದು, ಅರ್ಧದ ಸಮತಟ್ಟು 84ರಿಂದ 108 ಟೆಸ್ಲಾ ತನಕ ಚಾಚಿರುವುದನ್ನು ಕಂಡರು. 2023ರಲ್ಲಿ ನೊಮುರಾ ಮತ್ತು ಸಂಗಡಿಗರು ಹರಳಿನೊಳಗೆ ಶಬ್ದದ ಅಲೆ ಹಾಯಿಸಿ, ಕಾಂತತೆ ಪೂರ್ಣಮಟ್ಟ ಮುಟ್ಟುವ 140 ಟೆಸ್ಲಾದ ಆಚೆಗೂ ಹೋದರು. ಅರ್ಧದ ಸಮತಟ್ಟಿನಲ್ಲಿ ಶಬ್ದದ ವೇಗ ಅರ್ಧಕ್ಕೆ ಕುಸಿದಿತ್ತು. ಚದುರಂಗದ ಹಾಸಿನ ಮನೆಗಳಂತೆ ಒಂದು ಬಿಟ್ಟು ಒಂದು ಕೂತ ಟ್ರಿಪ್ಲೆಟ್‌ಗಳು ಇಡೀ ಹರಳಿನ ಚೌಕಾಕಾರವನ್ನೇ ಓರೆಯಾಗಿಸಲು ಒತ್ತುತ್ತವೆ ಎಂದು ಅದರರ್ಥ. 1981ರ ಆ ಪುಟ್ಟ ಲೆಕ್ಕ ಈಗ ಸೊನ್ನೆಯಿಂದ ಪೂರ್ಣಮಟ್ಟದವರೆಗೂ ಪ್ರಯೋಗದ ಪರೀಕ್ಷೆಗೆ ಒಳಪಟ್ಟಿದೆ.

ಟ್ರಿಪ್ಲೆಟ್‌ಗಳು ಓಡಾಡಬಲ್ಲ ಹರಳುಗಳ ಕಥೆ ಬೇರೆ. ಮತ್ಸುಬಾರಾ ಮತ್ತು ಮತ್ಸುದಾ ಎಂಬ ಜಪಾನಿ ಸಿದ್ಧಾಂತಿಗಳು 1956ರಲ್ಲೇ ಸ್ಪಿನ್‌ಗಳ ಲೆಕ್ಕವನ್ನು ಬೋಸಾನ್ ಕಣಗಳ ಲೆಕ್ಕಕ್ಕೆ ಹೊಂದಿಸಬಹುದೆಂದು ತೋರಿಸಿದ್ದರು. ಹಾಗಿದ್ದರೆ, ಕ್ಷೇತ್ರ ಏರಿಸಿ ಬೋಸಾನ್‌ಗಳನ್ನು ತುಂಬಿದಂತೆ ಅವೆಲ್ಲ ಒಂದೇ ಸ್ಥಿತಿಗೆ ಇಳಿಯಬೇಕು. ಸತ್ಯೇಂದ್ರನಾಥ ಬೋಸ್ ಮತ್ತು ಐನ್‌ಸ್ಟೈನ್ ಹೆಸರಿನ ಸಾಂದ್ರೀಕರಣ ಹರಳಿನೊಳಗೇ ಆಗಬೇಕು. 2000ದಲ್ಲಿ ನಿಕುನಿ, ಒಶಿಕಾವಾ ಮತ್ತು ತನಾಕಾ ತಂಡದವರು ಥಾಲಿಯಂ-ತಾಮ್ರ-ಕ್ಲೋರಿನ್ ಸಂಯುಕ್ತವೊಂದರಲ್ಲಿ 6 ಟೆಸ್ಲಾಕ್ಕಿಂತ ಸ್ವಲ್ಪ ಕೆಳಗೇ ಇದನ್ನು ಗುರುತಿಸಿದರು. ಇದಕ್ಕಿಂತ ಹೆಚ್ಚು ಮಾತಿಗೆ ಬಂದದ್ದು ಹಾನ್ ನೇರಳೆ. ಪ್ರಾಚೀನ ಚೀನಾದ ಕುಶಲಿಗಳು ತಯಾರಿಸಿ, ಕ್ವಿನ್ ಚಕ್ರವರ್ತಿಯ ಮಣ್ಣಿನ ಸೈನಿಕರಿಗೆ ಬಳಿದ ಬಣ್ಣ ಅದು. ರಾಸಾಯನಿಕವಾಗಿ ಬೇರಿಯಂ-ತಾಮ್ರ ಸಿಲಿಕೇಟ್. ಚೆನ್ನೈನಲ್ಲಿ ಭೌತಶಾಸ್ತ್ರ ಓದಿ, ಅಹಮದಾಬಾದಿನ ಐಐಎಂನಲ್ಲಿ ಎಂಬಿಎ ಮಾಡಿ, ಮತ್ತೆ ಭೌತವಿಜ್ಞಾನಕ್ಕೆ ಮರಳಿದ ಸುಚಿತ್ರಾ ಸೆಬಾಸ್ಟಿಯನ್ ಮತ್ತು ಸಂಗಡಿಗರು 2006ರಲ್ಲಿ, ಸುಮಾರು 23 ಟೆಸ್ಲಾದ ಸುತ್ತ ಅತಿ ಕಡಿಮೆ ಉಷ್ಣತೆಯಲ್ಲಿ ಈ ಬಣ್ಣದ ಹರಳು ಮೂರು ಆಯಾಮದ ವಸ್ತುವಿನಂತಲ್ಲದೆ ಎರಡು ಆಯಾಮದ್ದರಂತೆ ನಡೆದುಕೊಳ್ಳುತ್ತದೆ ಎಂದು ವರದಿ ಮಾಡಿದರು. ಪದರಗಳ ನಡುವಿನ ಇಕ್ಕಟ್ಟೇ ಕಾರಣ ಎಂಬುದು ಆಗಿನ ವಿವರಣೆ. ಮುಂದೆ ಹರಳಿನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಪದರಗಳಿವೆ ಎಂದು ಗೊತ್ತಾಯಿತು. 2014ರಲ್ಲಿ ಇನ್ನೊಂದು ತಂಡ ಬಲಗಳ ಲೆಕ್ಕವನ್ನೇ ಮರುಪರಿಶೀಲಿಸಿ, ಪದರಗಳ ನಡುವೆ ಅಂಥ ಇಕ್ಕಟ್ಟೇ ಇಲ್ಲ ಎಂದಿತು. ಅಳತೆ ಉಳಿಯಿತು, ವಿವರಣೆ ಬದಲಾಯಿತು. ಈ ವಿಷಯದಲ್ಲಿ ಹೀಗಾಗುವುದು ಹೊಸದೇನಲ್ಲ.

ಎಲ್ಲಕ್ಕಿಂತ ತೀವ್ರ ಇಕ್ಕಟ್ಟು ಕಾಗೊಮೆ ಜಾಲರಿಯಲ್ಲಿದೆ. ಜಪಾನಿನ ಬಿದಿರು ಬುಟ್ಟಿಯ ಹೆಣಿಗೆಯಿಂದ ಹೆಸರು ಪಡೆದ ಇದರಲ್ಲಿ ತ್ರಿಕೋನಗಳು ಮೂಲೆಗಳಲ್ಲಿ ಮಾತ್ರ ಸೇರುತ್ತವೆ. ಗಣಕ ಲೆಕ್ಕಗಳು ಇಲ್ಲಿ 1/9, 1/3, 5/9, 7/9ರ ಸಮತಟ್ಟುಗಳನ್ನು ನಿರೀಕ್ಷಿಸುತ್ತವೆ. ಅತಿ ಪ್ರಸಿದ್ಧ ಕಾಗೊಮೆ ಖನಿಜ ಹರ್ಬರ್ಟ್‌ಸ್ಮಿತೈಟ್ 50 ಮಿಲಿಕೆಲ್ವಿನ್ ತನಕ ತಣಿಸಿದರೂ ಹೆಪ್ಪುಗಟ್ಟಲಿಲ್ಲ. ಆದರೆ ಅದರ ಬಲ ಎಷ್ಟು ಹೆಚ್ಚೆಂದರೆ ಪೂರ್ಣಮಟ್ಟಕ್ಕೆ ನೂರಾರು ಟೆಸ್ಲಾ ಬೇಕು. ಜೊತೆಗೆ ಸತು ಇರಬೇಕಾದ ಜಾಗದಲ್ಲಿ ಒಂದಿಷ್ಟು ತಾಮ್ರ ಸೇರಿಕೊಂಡು ಕಡಿಮೆ ಕ್ಷೇತ್ರದ ಅಳತೆಯನ್ನು ಕದಡುತ್ತದೆ. ಹೀಗಾಗಿ ಸಂಶೋಧಕರು ಅದರ ಬಂಧುಗಳ ಕಡೆ ತಿರುಗಿದರು. ಕ್ಯಾಡ್ಮಿಯಂ ಕಪೆಲ್ಲಸೈಟ್‌ನಲ್ಲಿ 2019ರಲ್ಲಿ 160 ಟೆಸ್ಲಾ ತನಕ ಅಳೆದಾಗ ಸಮತಟ್ಟುಗಳ ಸಾಲೇ ಕಂಡಿತು. ಷಟ್ಕೋನದೊಳಗೆ ಸಿಕ್ಕಿಬಿದ್ದು ಹೊರಬರಲಾರದ ಮ್ಯಾಗ್ನಾನ್‌ಗಳು, ಅಂದರೆ ಸ್ಪಿನ್ ಅಲೆಯ ಕಣಗಳು, ಅಲ್ಲಿ ಹರಳಾಗುತ್ತವೆ. 2002ರಲ್ಲೇ ಶುಲೆನ್‌ಬರ್ಗ್ ಮತ್ತು ಸಂಗಡಿಗರು ಕಾಗದದ ಮೇಲೆ ಕಂಡಿದ್ದ ಸ್ಥಿತಿಗೆ ಅದು ಹತ್ತಿರದ್ದು. 2024ರಲ್ಲಿ ಎರಡು ತಂಡಗಳು ಯಿಟ್ರಿಯಂ ಸೇರಿದ ತಾಮ್ರದ ಕಾಗೊಮೆಯಲ್ಲಿ ಒಂಬತ್ತನೇ ಒಂದರ ಸಮತಟ್ಟನ್ನು ಪ್ರಕಟಿಸಿದವು. ಶಾಸ್ತ್ರೀಯ ಚಿತ್ರದಲ್ಲಿ ಈ ಭಿನ್ನರಾಶಿಗೆ ಜಾಗವೇ ಇಲ್ಲ; ಸ್ಪಿನ್‌ಗಳು ಕ್ವಾಂಟಮ್ ರೀತಿಯಲ್ಲಿ ಹೆಣೆದುಕೊಂಡಿದ್ದರೆ ಮಾತ್ರ ಅದು ಬರಬೇಕು. ಆದ್ದರಿಂದ ಅದರ ಮಹತ್ವ ದೊಡ್ಡದು.

ಕ್ರೋಮಿಯಂ ಸ್ಪೈನೆಲ್ ಎಂಬ ಇನ್ನೊಂದು ಬಗೆಯ ಇಕ್ಕಟ್ಟಿನ ಹರಳುಗಳನ್ನು ಇಲ್ಲಿ ಒಂದು ಮಾತಿನಲ್ಲಿ ಮುಗಿಸಬಹುದು. ಅವುಗಳಲ್ಲಿ ಕಾಣುವ ಅರ್ಧದ ಸಮತಟ್ಟಿಗೆ ಹರಳು ತಾನೇ ಹಿಗ್ಗಿ ಕುಗ್ಗಿ ಕೊಡುವ ಬೆಂಬಲವೇ ಮುಖ್ಯ ಕಾರಣ.

ಇಡೀ ಸಮೀಕ್ಷೆಯಲ್ಲಿ ಇನ್ನೂ ಇತ್ಯರ್ಥವಾಗದ ದೊಡ್ಡ ವ್ಯಾಜ್ಯ ರುಥೇನಿಯಂ ಕ್ಲೋರೈಡ್‌ನದು. ಇದರ ಇಕ್ಕಟ್ಟು ತ್ರಿಕೋನದಿಂದ ಬಂದದ್ದಲ್ಲ. ಅಲೆಕ್ಸೇಯ್ ಕಿತಾಯೆವ್ 2006ರಲ್ಲಿ ಜೇನುಗೂಡಿನ ಜಾಲರಿಯ ಮೂರು ದಿಕ್ಕಿನ ಕೊಂಡಿಗಳಿಗೆ ಮೂರು ಬೇರೆಬೇರೆ ಬಯಕೆ ಕೊಟ್ಟು, ಅಂಥ ಜಾಲರಿಯ ಕನಿಷ್ಠ ಸ್ಥಿತಿ ನಿಖರವಾಗಿ ಸ್ಪಿನ್ ದ್ರವವೇ ಎಂದು ತೋರಿಸಿದರು. ಅದರೊಳಗೆ ಸ್ಪಿನ್ ಒಡೆದು ಮಯೋರಾನಾ ಕಣಗಳಾಗುತ್ತದೆ; ಕ್ಷೇತ್ರ ಹಾಕಿದರೆ ಆ ಕಣಗಳು ಅಂಚಿನಲ್ಲಿ ಒಂದೇ ದಿಕ್ಕಿಗೆ ಶಾಖ ಹೊತ್ತು ಸಾಗುತ್ತವೆ. ಆ ಶಾಖದ ಪ್ರಮಾಣ ಮೂಲಭೂತ ಘಟಕದ ಸರಿಯಾಗಿ ಅರ್ಧ. ಈ ಮಾದರಿಯ ಸ್ಪಿನ್ ಚಲನೆಯ ನಿಖರ ಲೆಕ್ಕವನ್ನು 2007ರಲ್ಲಿ ಪ್ರಕಟಿಸಿದವರು ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಜಿ. ಭಾಸ್ಕರನ್, ಸಪ್ತರ್ಷಿ ಮಂಡಲ್ ಮತ್ತು ಆರ್. ಶಂಕರ್.

ರುಥೇನಿಯಂ ಕ್ಲೋರೈಡ್ ಸುಮಾರು 7 ಕೆಲ್ವಿನ್‌ಗೆ ಹೆಪ್ಪುಗಟ್ಟುತ್ತದೆ. ಅಂದರೆ ಅದು ಶುದ್ಧ ಕಿತಾಯೆವ್ ವಸ್ತುವಲ್ಲ. ಆದರೆ ಪದರದ ಉದ್ದಕ್ಕೆ 7-8 ಟೆಸ್ಲಾ ಹಾಕಿದರೆ ಆ ಹೆಪ್ಪು ಕರಗುತ್ತದೆ. ಆಚೆ ಏನಿದೆ? 2018ರಲ್ಲಿ ಕ್ಯೋಟೋದ ತಂಡ ಅಲ್ಲಿ ಅರ್ಧ ಪ್ರಮಾಣದ ಶಾಖದ ಸಮತಟ್ಟು ಕಂಡೆವು ಎಂದಾಗ ಜಗತ್ತು ಬೆರಗಾಯಿತು. 2021ರಲ್ಲಿ ಪ್ರಿನ್ಸ್‌ಟನ್‌ನ ತಂಡಕ್ಕೆ ಸಮತಟ್ಟಿನ ಬದಲು ಕ್ಷೇತ್ರದೊಡನೆ ಏರಿಳಿಯುವ ಅಲೆಗಳು ಕಂಡವು. ಮುಂದೆ ಅದೇ ತಂಡ ಅಂಚಿನಲ್ಲಿ ಸಾಗುವವು ಬೋಸಾನ್‌ಗಳೇ ಎಂದು ವಾದಿಸಿತು. 2022ರಲ್ಲಿ ಕೆನಡಾದ ಶೆರ್‌ಬ್ರೂಕ್‌ನ ತಂಡ ಶಾಖ ಹೊರುವುದು ಹರಳಿನ ಕಂಪನಗಳು ಎಂದಿತು. ಅದೇ ವರ್ಷ ಇನ್ನೊಂದು ತಂಡ ಅರ್ಧದ ಸಮತಟ್ಟು ತನಗೂ ಸಿಕ್ಕಿದೆ ಎಂದಿತು. ಒಂದೇ ವಸ್ತು, ನಾಲ್ಕು ತೀರ್ಪು.

ಕಾರಣ ಬಹುಪಾಲು ಹರಳುಗಳಲ್ಲೇ ಇದೆ. ಈ ವಸ್ತುವಿನ ಪದರಗಳು ಸಡಿಲವಾಗಿ ಅಂಟಿಕೊಂಡಿರುತ್ತವೆ. ಬಗ್ಗಿಸಿದರೆ, ಕತ್ತರಿಸಿದರೆ ಪದರಗಳ ಜೋಡಣೆ ಕೆಡುತ್ತದೆ. ಕೆಟ್ಟ ಹರಳು 7 ಕೆಲ್ವಿನ್‌ನ ಬದಲು 10ರಿಂದ 14 ಕೆಲ್ವಿನ್ ನಡುವೆ ಹೆಪ್ಪುಗಟ್ಟುವ ಲಕ್ಷಣ ತೋರಿಸುತ್ತದೆ. ಎಷ್ಟು ಟೆಸ್ಲಾ ಎಂಬುದಕ್ಕಿಂತ ಹರಳು ಎಷ್ಟು ಚೊಕ್ಕ ಎಂಬುದು ಇಲ್ಲಿ ಮುಖ್ಯ. ಕಾಂತಕ್ಷೇತ್ರದ ದಾಖಲೆಗಳು ಪತ್ರಿಕೆಗಳಲ್ಲಿ ಸುದ್ದಿಯಾಗುತ್ತವೆ. ತಿಂಗಳುಗಟ್ಟಲೆ ಕುಲುಮೆಯ ಮುಂದೆ ಕಾದು ದೋಷವಿಲ್ಲದ ಹರಳು ಬೆಳೆಸುವವರ ಹೆಸರು ಬಹಳ ಸಲ ಲೇಖಕರ ಪಟ್ಟಿಯ ಮಧ್ಯದಲ್ಲಿ ಮುಚ್ಚಿಹೋಗುತ್ತದೆ. ಸ್ಟ್ರಾಂಷಿಯಂ ಹರಳಿನ ಕಥೆ ಅಷ್ಟು ಚೆನ್ನಾಗಿ ಬಿಡಿಸಿಕೊಂಡದ್ದಕ್ಕೂ ರುಥೇನಿಯಂನದು ಸಿಕ್ಕಾಗಿ ಉಳಿದದ್ದಕ್ಕೂ ವ್ಯತ್ಯಾಸ ಮಾಡಿದ್ದು ಅವರ ಕೈಕೆಲಸವೇ ಎಂಬುದು ಈ ಸಮೀಕ್ಷೆಯ ದೃಢವಾದ ನಿಲುವು. ಹಣ ಹಂಚುವವರು ಮುಂದಿನ ದೊಡ್ಡ ಕಾಂತಕ್ಕೆ ಕೊಡುವಷ್ಟೇ ಗಮನವನ್ನು ಕುಲುಮೆಗಳಿಗೂ ಕೊಡಬೇಕು.

ಇದೆಲ್ಲದರಿಂದ ದಿನಬಳಕೆಗೆ ಏನು ಸಿಕ್ಕೀತು ಎಂದು ಕೇಳುವವರಿಗೆ ಒಂದು ಒಳ್ಳೆಯ ಉತ್ತರ ಈಚೆಗೆ ಬಂದಿದೆ. ಸೋಡಿಯಂ-ಬೇರಿಯಂ-ಕೋಬಾಲ್ಟ್ ಫಾಸ್ಫೇಟ್ ಒಂದು ತ್ರಿಕೋನ ಜಾಲರಿಯ ಕಾಂತ. ಅದರ ಬಲ ಎಷ್ಟು ಕಡಿಮೆಯೆಂದರೆ 2 ಟೆಸ್ಲಾ ಒಳಗೇ ಪೂರ್ಣಮಟ್ಟ ಮುಟ್ಟುತ್ತದೆ. ಅದರ ಪಾಲಿಗೆ ಆಸ್ಪತ್ರೆಯ ಎಂಆರ್‌ಐ ಯಂತ್ರವೇ ಅತಿಬಲದ ಕ್ಷೇತ್ರ. ಅದರಲ್ಲಿ ಸ್ಪಿನ್‌ಗಳು ಒಂದೇ ಹೊತ್ತಿಗೆ ಹರಳಿನಂತೆ ಕ್ರಮವಾಗಿಯೂ ಅತಿದ್ರವದಂತೆ ಸಡಿಲವಾಗಿಯೂ ಇರುವ ಸ್ಥಿತಿಯಿದೆ ಎಂದು ಚೀನಾದ ಸಂಶೋಧಕರು 2024ರಲ್ಲಿ ವರದಿ ಮಾಡಿದರು. ಕ್ಷೇತ್ರವನ್ನು ಇಳಿಸಿದಾಗ ಆ ಹರಳು ತನ್ನಷ್ಟಕ್ಕೆ 94 ಮಿಲಿಕೆಲ್ವಿನ್ ತನಕ ತಣ್ಣಗಾಯಿತು. ಕ್ವಾಂಟಮ್ ಗಣಕಗಳನ್ನು ತಣಿಸಲು ಇಂದು ಬಳಸುವ ಹೀಲಿಯಂ-3 ಬಹಳ ವಿರಳ, ಬಹಳ ದುಬಾರಿ. ಅದಿಲ್ಲದೆ ಅಷ್ಟು ತಣ್ಣಗಾಗಿಸಬಲ್ಲ ಘನವಸ್ತುವೊಂದು ಸಿಕ್ಕಿರುವುದು ಸಣ್ಣ ಸಂಗತಿಯಲ್ಲ.

ಕರ್ನಾಟಕದ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಮಾತು. ನೂರು ಟೆಸ್ಲಾದ ಯಂತ್ರ ಹತ್ತಿರದಲ್ಲಿ ಇಲ್ಲವೆಂದು ಈ ವಿಷಯವನ್ನು ದೂರ ಇಡಬೇಕಾಗಿಲ್ಲ. ಹನ್ನೆರಡು ಸ್ಪಿನ್‌ಗಳ ತ್ರಿಕೋನ ಜಾಲರಿಗೆ 4,096 ಸ್ಥಿತಿಗಳು. ಸಾಧಾರಣ ಲ್ಯಾಪ್‌ಟಾಪ್ ಆ ಲೆಕ್ಕವನ್ನು ಅಲ್ಪಸಮಯದಲ್ಲಿ ಬಿಡಿಸುತ್ತದೆ. 36 ಸ್ಪಿನ್‌ಗಳಿಗೆ ಹೋದರೆ ಸ್ಥಿತಿಗಳ ಸಂಖ್ಯೆ 6,800 ಕೋಟಿ ದಾಟುತ್ತದೆ. ದೊಡ್ಡ ಗಣಕಗಳು ಏದುಸಿರು ಬಿಡುವುದು ಅಲ್ಲಿ. ಕ್ವಸ್ಪಿನ್, ಐಟೆನ್ಸರ್‌ನಂಥ ಉಚಿತ ತಂತ್ರಾಂಶಗಳು ಯಾರಿಗೂ ಲಭ್ಯ. ಹನ್ನೆರಡು ಸ್ಪಿನ್‌ಗಳಿಂದ ಶುರುಮಾಡಿ, ಕ್ಷೇತ್ರವನ್ನು ಒಂದೊಂದೇ ಹೆಜ್ಜೆ ಏರಿಸಿ, ಕಾಂತತೆಯ ರೇಖೆಯನ್ನು ನೀವೇ ಬರೆದು ನೋಡಿ. ಮೂರನೇ ಒಂದರ ಹತ್ತಿರದ ಮೆಟ್ಟಿಲು ಉಳಿದವುಗಳಿಗಿಂತ ಅಗಲವಾಗಿರುವುದು ನಿಮ್ಮ ಪರದೆಯ ಮೇಲೇ ಕಾಣುತ್ತದೆ.